ಕೈಗೆ ಸಿಗದ ನಾಯಿ

ಕಾಲುಬಾಯಿ ಜ್ವರದ ಲಸಿಕೆ ಹಾಕುವವರು ಊರಿಗೆ ಬಂದರೆಂದರೆ ದನ, ಎಮ್ಮೆಗಳನ್ನು ಹಿಡಿದು ನಿಲ್ಲಿಸಲು ಮನೆಮಂದಿಯೆಲ್ಲ ಸೇರುತ್ತಾರೆ. ಅದೇ ಕೊಟ್ಟಿಗೆಯ ಬಾಗಿಲಲ್ಲಿ ರಾತ್ರಿಯೆಲ್ಲ ಕಾವಲಿರುವ ನಾಯಿ ಮಾತ್ರ ಗದ್ದಲ ಕಂಡು ಬೇಲಿ ಹಾರಿ ಹೋಗಿರುತ್ತದೆ. ಅದಕ್ಕೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗಿದೆಯೇ ಎಂದು ಕೇಳಿದರೆ, "ಅದು ಕೈಗೆ ಎಲ್ಲಿ ಸಿಗುತ್ತೆ ಸ್ವಾಮಿ?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರವನ್ನು ನಾವು ಒಪ್ಪಿಕೊಂಡು ಕೂತಿರುವುದೇ ದೊಡ್ಡ ತೊಂದರೆ. ಮದ್ದು ಸಿಗದ ಕಾಲ ಇದಲ್ಲ. ಅದರ ಬೆಲೆಯೂ ರೈತನ ಕೈಗೆ ಎಟುಕದ್ದಲ್ಲ. ಸಾಕಿದವನೇ ಹಿಡಿಯಲಾಗದ ನಾಯಿಗೆ ಯಾವ ವೈದ್ಯರೂ ಸೂಜಿ ಹಾಕಲಾರರು. ನಾಯಿಗೆ ತರಬೇತಿ ಎಂದರೆ ಕೈಕುಲುಕುವುದು, ಚೆಂಡು ತರುವುದು ಎಂದು ಪೇಟೆಯವರು ತಿಳಿದಿರಬಹುದು. ರೈತನ ನಾಯಿಗೆ ಬೇಕಾದ ಮೊದಲ ತರಬೇತಿ ಒಂದೇ: ಯಜಮಾನ ಹಿಡಿದರೆ ಸುಮ್ಮನೆ ನಿಲ್ಲುವುದು.

ಇದನ್ನು ಕಲಿಸುವುದು ಕಷ್ಟವೇನಲ್ಲ. ಆದರೆ ಮರಿಯಲ್ಲೇ ಆಗಬೇಕು. ಎರಡು ತಿಂಗಳು ತುಂಬಿದ ಮೇಲೆ ಮರಿಯನ್ನು ತಾಯಿಯಿಂದ ಬಿಡಿಸಿ ತರುವುದು ಒಳ್ಳೆಯದು. ಕಣ್ಣು ಬಿಟ್ಟ ಕೂಡಲೇ ಎತ್ತಿಕೊಂಡು ಬರುವ ರೂಢಿ ಬಿಡಬೇಕು. ತಂದ ದಿನದಿಂದ ಊಟ ಹಾಕುವಾಗಲೆಲ್ಲ ಕಿವಿ ಬಿಡಿಸಿ ನೋಡಿ, ಪಾದ ಹಿಡಿಯಿರಿ, ತುಟಿ ಎತ್ತಿ ಹಲ್ಲು ಮುಟ್ಟಿ. ದಿನಕ್ಕೆ ಸ್ವಲ್ಪ ಹೊತ್ತು ಕಟ್ಟಿಹಾಕಿ, ಅತ್ತರೂ ಬಿಡದೆ, ಸುಮ್ಮನಾದ ಮೇಲೆ ಬಿಚ್ಚಿ. ಕರೆಯಲು ಹೆಸರು ಒಂದೇ ಇರಲಿ. ಮನೆಯಲ್ಲಿ ನಾಲ್ಕು ಜನ ನಾಲ್ಕು ಹೆಸರು ಕೂಗಿದರೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಹೆಸರು ಹಿಡಿದು ಕರೆದು ಹೊಡೆಯುವುದಂತೂ ಎಂದಿಗೂ ಕೂಡದು. ಬೆಳಿಗ್ಗೆ ಕೋಳಿ ಹಿಡಿದದ್ದಕ್ಕೆ ಸಂಜೆ ಕೋಲು ಬಿದ್ದರೆ, ನಾಯಿಗೆ ಕೋಳಿಯ ನೆನಪು ಬರುವುದಿಲ್ಲ. ಕರೆದಾಗ ಬಂದರೆ ಏಟು ಬೀಳುತ್ತದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಕೈಗೆ ಸಿಗದ ನಾಯಿ ತಯಾರಾಗುವುದು ಹೀಗೆ.

ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಪಶುವೈದ್ಯರು ಹೇಳಿದ ದಿನ ಇನ್ನೊಂದು, ಆಮೇಲೆ ವರ್ಷಕ್ಕೊಂದು. ರಕ್ತಭೇದಿಯಾಗಿ ಮರಿಗಳು ಸಾಯುವ ಪಾರ್ವೋ ರೋಗಕ್ಕೆ ಇದಕ್ಕೂ ಮುಂಚೆ, ಆರರಿಂದ ಎಂಟು ವಾರದಲ್ಲೇ ಬೇರೆ ಲಸಿಕೆ ಶುರುವಾಗಬೇಕು. ದೊಡ್ಡ ನಾಯಿ ಕಚ್ಚಬಹುದೆಂಬ ಭಯವಿದ್ದರೆ ಹತ್ತಿ ಬಟ್ಟೆಯ ಪಟ್ಟಿಯನ್ನು ಮೂತಿಗೆ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿ, ತುದಿಗಳನ್ನು ಕಿವಿಯ ಹಿಂದೆ ಕಟ್ಟಬೇಕು. ಕೆಲಸ ಮುಗಿದ ಕೂಡಲೇ ಬಿಚ್ಚಿಬಿಡಬೇಕು. ನಾಯಿ ಮೈಯ ಕಾವು ಇಳಿಸಿಕೊಳ್ಳುವುದು ಮುಖ್ಯವಾಗಿ ಬಾಯಿ ತೆರೆದು ತೇಕುವುದರಿಂದ. ಬಿಸಿಲಲ್ಲಿ ಬಾಯಿ ಕಟ್ಟಿ ನಿಲ್ಲಿಸಿದರೆ ಅದಕ್ಕೆ ಅಪಾಯ.

ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನಾಗಲಿ ಪ್ರಾಣಿಯನ್ನಾಗಲಿ ಉಳಿಸುವ ಮದ್ದು ಇಲ್ಲವೆಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಈ ರೋಗ ಕೊಟ್ಟಿಗೆಗೂ ಬರುತ್ತದೆಂಬುದು. ಕಚ್ಚಿಸಿಕೊಂಡ ಹಸು ವಾರಗಳ ನಂತರ ಮೇವು ಬಿಟ್ಟು, ಜೊಲ್ಲು ಸುರಿಸಿ, ವಿಕಾರವಾಗಿ ಕೂಗತೊಡಗುತ್ತದೆ. ಗಂಟಲಿಗೆ ಏನೋ ಸಿಕ್ಕಿದೆ ಎಂದು ನಮ್ಮವರು ಬಾಯೊಳಗೆ ಕೈ ಹಾಕುತ್ತಾರೆ. ಆ ಜೊಲ್ಲಿನಲ್ಲಿ ರೋಗವಿರುತ್ತದೆ, ಕೈಯಲ್ಲಿ ಕುಡುಗೋಲು ತಾಗಿದ ಗಾಯವಿರುತ್ತದೆ. ಕೂಗುವ, ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಕೈ ಹಾಕುವ ಮೊದಲು ಪಶುವೈದ್ಯರಿಗೆ ಹೇಳಿಕಳಿಸಿ. ಹುಚ್ಚುನಾಯಿ ಕಚ್ಚಿದ ದನಕ್ಕೆ ತಡಮಾಡದೆ ಹಾಕಿಸುವ ಲಸಿಕೆಯೂ ಇದೆ.

ಮನುಷ್ಯರನ್ನು ಕಚ್ಚಿದರೆ, ಕಚ್ಚಿದ್ದು ಮನೆಯ ನಾಯಿಯೇ ಆಗಿರಲಿ, ಮೊದಲು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಏನನ್ನೂ ಮೆತ್ತಬಾರದು. ಮಂತ್ರ ಹಾಕಿಸುವುದೋ ಬಿಡುವುದೋ ನಿಮ್ಮ ನಂಬಿಕೆ, ಆದರೆ ಆಸ್ಪತ್ರೆಗೆ ಅದೇ ದಿನ ಹೋಗಿ ಬಂದು ಆಮೇಲೆ ಹಾಕಿಸಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂದು ಹೆದರುವ ಹಿರಿಯರು ಈಗಲೂ ಇದ್ದಾರೆ. ಆ ಹಳೆಯ ಮದ್ದು ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಯಿತು. ಈಗ ಹಾಕುವುದು ತೋಳಿಗೆ. ಚರ್ಮದೊಳಗೆ ಹಾಕುವ ಕ್ರಮದಲ್ಲಿ ಮೊದಲ ದಿನದ್ದಾದ ಮೇಲೆ 3, 7 ಮತ್ತು 28ನೆಯ ದಿನ ಹೋಗಬೇಕು. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಹಾಕುವ ಇನ್ನೊಂದು ಮದ್ದನ್ನೂ ಕೇಳಿ ಹಾಕಿಸಿಕೊಳ್ಳಬೇಕು. ಎರಡು ಸೂಜಿಯಾದ ಮೇಲೆ ಕಳೆ ತೆಗೆಯುವ ಕೆಲಸ ಬಂತೆಂದು ನಿಲ್ಲಿಸುವವರಿಗೆ ಏನು ಹೇಳಬೇಕೋ ತಿಳಿಯದು.

ಇನ್ನೊಂದು ವಿಷಯ ಕುರಿ ಸಾಕಿದವರಿಗೆ ವಿಶೇಷವಾಗಿ ಹೇಳಬೇಕಾದದ್ದು. ಹಬ್ಬ, ಜಾತ್ರೆಗಳಲ್ಲಿ ಕುರಿ ಕೊಯ್ದಾಗ ಲಿವರ್, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗುಳ್ಳೆಗಳು ಕಂಡರೆ ಆ ಭಾಗವನ್ನು ಕತ್ತರಿಸಿ ನಾಯಿಗೆ ಎಸೆಯುವುದು ರೂಢಿ. ಆ ಗುಳ್ಳೆಯಲ್ಲಿರುವುದು ಲಾಡಿಹುಳುವಿನ ಮರಿ. ನಾಯಿಯ ಕರುಳಿಗೆ ಹೋಗಿ ಅದು ಬಲಿಯುತ್ತದೆ, ಮೊಟ್ಟೆಗಳು ನಾಯಿಯ ಹೇಲಿನಲ್ಲಿ ಹೊರಬಂದು ಹುಲ್ಲಿಗೆ, ಸೊಪ್ಪಿಗೆ, ನಾಯಿಯ ಕೂದಲಿಗೆ ಅಂಟುತ್ತವೆ. ಹುಲ್ಲು ಮೇಯ್ದ ಕುರಿಗೆ ಮತ್ತೆ ಗುಳ್ಳೆ. ನಾಯಿಯೊಡನೆ ಆಡಿ ಕೈ ತೊಳೆಯದೆ ಉಂಡ ಮಗುವಿಗೂ ಅದೇ ಗುಳ್ಳೆ. ಮನುಷ್ಯನ ಲಿವರಿನಲ್ಲಿ ಅದು ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆದು, ಕೊನೆಗೆ ಹೊಟ್ಟೆ ಕೊಯ್ದು ತೆಗೆಯಬೇಕಾದ ಪ್ರಸಂಗವೂ ಬರಬಹುದು. ಎಸೆಯುವ ಒಂದು ತುಂಡಿನಿಂದ ಇಷ್ಟೆಲ್ಲ ಆಗುತ್ತದೆಂದರೆ ನಂಬುವುದು ಕಷ್ಟ, ಆದರೂ ನಿಜ. ಅಂಥ ಭಾಗವನ್ನು ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಬೇಕು, ಇಲ್ಲವೇ ಸುಡಬೇಕು. ನಾಯಿಗೆ ಮಾಂಸ ಹಾಕುವುದಾದರೆ ಚೆನ್ನಾಗಿ ಬೇಯಿಸಿ ಹಾಕಿ. ಜಂತುಹುಳುವಿನ ಮದ್ದು ಕೇಳುವಾಗ ಲಾಡಿಹುಳುವಿಗೂ ಆಗುವ ಮದ್ದು ಬೇಕೆಂದು ಹೇಳಿ. ಎಲ್ಲ ಮಾತ್ರೆಯೂ ಈ ಹುಳುವನ್ನು ಕೊಲ್ಲುವುದಿಲ್ಲ.

ಉಣ್ಣೆಯ ಕಾಟಕ್ಕೆ ದನಕ್ಕೆ ತಂದ ಔಷಧಿಯನ್ನೇ ಅಂದಾಜಿನ ಮೇಲೆ ನಾಯಿಗೂ ಸುರಿಯುವುದುಂಟು. ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ. ಪ್ರಮಾಣ ಮೀರಿದರೆ ನಡುಕ ಬಂದು ಬೀಳುತ್ತದೆ. ನಾವು ನುಂಗುವ ಮೈಕೈ ನೋವಿನ ಮಾತ್ರೆಯೂ ಹಾಗೆಯೇ, ಅದರ ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಗಾಯಕ್ಕೆ ಹುಳು ಬಿದ್ದರೆ ಪೆಟ್ರೋಲು, ಸೀಮೆಎಣ್ಣೆ ಸುರಿದು ಸುಡಬೇಡಿ. ದನದ ಆಸ್ಪತ್ರೆಗೆ ಕರೆದೊಯ್ಯಿರಿ. ಮರಿಯ ಕೊರಳಿಗೆ ಕಟ್ಟಿದ ನೈಲಾನ್ ಹಗ್ಗವನ್ನು ತಿಂಗಳಿಗೊಮ್ಮೆ ಸಡಿಲಿಸದೆ ಮರೆತರೆ, ಬೆಳೆದ ಹಾಗೆಲ್ಲ ಅದು ಚರ್ಮ ಕೊಯ್ದು ಒಳಗೆ ಇಳಿಯುತ್ತದೆ. ಕುತ್ತಿಗೆ ಮತ್ತು ಪಟ್ಟಿಯ ನಡುವೆ ಎರಡು ಬೆರಳು ತೂರಬೇಕು.

ಹಸಿದ ನಾಯಿಯೇ ಚೆನ್ನಾಗಿ ಕಾಯುತ್ತದೆ ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಹಸಿದ ನಾಯಿ ಕಾಯುವುದು ಊರ ಹೋಟೆಲಿನ ಹಿಂಬಾಗಿಲನ್ನು. ಕಳ್ಳ ಒಂದು ಬನ್ನು ಎಸೆದರೂ ಅವನ ಪರವಾಗುತ್ತದೆ, ಇಲಿಪಾಷಾಣ ಬೆರೆಸಿಟ್ಟ ಹಿಟ್ಟನ್ನೂ ಮೊದಲು ಮುಟ್ಟುವುದು ಅದೇ. ಎರಡು ಹೊತ್ತು ಮುದ್ದೆಯೋ ಅನ್ನವೋ ಮಜ್ಜಿಗೆಯಲ್ಲಿ ಕಲಸಿ, ಆದಾಗ ಬೇಯಿಸಿದ ಮೊಟ್ಟೆ ಸೇರಿಸಿ ಹಾಕಿದರೆ ಸಾಕು. ಈರುಳ್ಳಿ, ಖಾರ ತುಂಬಿದ ಸಾರು ಬೇಡ. ಬೇಯಿಸಿದ ಕೋಳಿ ಮೂಳೆಯೂ ಬೇಡ, ಅದು ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ. ಪಂಪ್‌ಸೆಟ್ ಮನೆಯ ತಗಡಿನ ಕೆಳಗೆ ಹಗಲೆಲ್ಲ ಸರಪಳಿಯಲ್ಲಿ ಕಟ್ಟುವ ಬದಲು ಹುಣಸೆ ಮರದ ನೆರಳು ತೋರಿಸಿ, ಪಕ್ಕದಲ್ಲಿ ಮಣ್ಣಿನ ಬೋಗುಣಿ ತುಂಬ ನೀರಿಡಿ. ಚಿರತೆಯ ಓಡಾಟವಿರುವ ಕಡೆ ರಾತ್ರಿ ಬಯಲಲ್ಲಿ ಕಟ್ಟಿದರೆ ನಾವೇ ಎಡೆ ಇಟ್ಟಂತೆ.

ಮುಧೋಳ ನಾಯಿಯ ಅಂಚೆಚೀಟಿ 2005ರಲ್ಲಿ ಬಂತು, 2016ರಲ್ಲಿ ಅದರ ಮರಿಗಳು ಸೇನೆಯ ಮೀರತ್ ಕೇಂದ್ರಕ್ಕೂ ಹೋದವು. ಸಂತೋಷವೇ. ಆದರೆ ನಮ್ಮ ಹೊಲ ಕಾಯುತ್ತಿರುವುದು ಬಹುಮಟ್ಟಿಗೆ ಹೆಸರಿಲ್ಲದ ನಾಟಿ ನಾಯಿ. ಪೇಟೆಯಿಂದ ಸಾವಿರಾರು ರೂಪಾಯಿ ಕೊಟ್ಟು ಕೂದಲು ತುಂಬಿದ ಜಾತಿ ಮರಿ ತಂದು ನಮ್ಮ ಬಿಸಿಲಿನಲ್ಲಿ ನರಳಿಸುವುದಕ್ಕಿಂತ ಈ ನಾಟಿ ನಾಯಿಗೆ ವರ್ಷಕ್ಕೊಂದು ಸೂಜಿ ಹಾಕಿಸುವುದು ಲೇಸು. ಹೆಣ್ಣು ನಾಯಿ ಸುಮಾರು 63 ದಿನಕ್ಕೆ ಈಯುತ್ತದೆ, ವರ್ಷಕ್ಕೆ ಎರಡು ಬಾರಿ ಬೆದೆಗೆ ಬರುವುದುಂಟು. ಮರಿಗಳನ್ನು ಚೀಲದಲ್ಲಿ ಹಾಕಿ ಸಂತೆಮಾಳದಲ್ಲಿ ಬಿಟ್ಟು ಬರುವ ಬದಲು ಅದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಬಿಟ್ಟು ಬಂದ ಮರಿಗಳೇ ನಾಳೆ ಸೂಜಿ ಕಾಣದ ಬೀದಿ ನಾಯಿಗಳಾಗಿ ನಮ್ಮ ಕುರಿಗೂಡಿಗೆ ಬರುತ್ತವೆ.

ಒಂದೊಂದೇ ನಾಯಿಯನ್ನು ಆಸ್ಪತ್ರೆಗೆ ಒಯ್ಯುವುದು ತ್ರಾಸವೆನ್ನುವ ಊರಿನವರು ಹಾಲಿನ ಸಂಘದಲ್ಲಿ ಈ ಮಾತು ಎತ್ತಬಹುದು. ಮುಂದಿನ ಸಲ ಕಾಲುಬಾಯಿ ಲಸಿಕೆಗೆ ಬರುವ ಮುಂಚೆಯೇ ಊರಿನಲ್ಲಿ ಎಷ್ಟು ಸಾಕುನಾಯಿಗಳಿವೆ ಎಂದು ಪಟ್ಟಿ ಮಾಡಿ ಪಶುವೈದ್ಯರಿಗೆ ಕೊಟ್ಟು, ಅಷ್ಟು ಮದ್ದು ತರಲಾದೀತೇ, ದಿನ ಯಾವುದು ಎಂದು ಕೇಳಿಕೊಳ್ಳಿ. ಆ ದಿನ ಬೆಳಿಗ್ಗೆ ದನ ಕಟ್ಟುವುದಕ್ಕಿಂತ ಮೊದಲು ನಾಯಿಯನ್ನು ಕಟ್ಟಿ.