ಮೊದಲ ತಂತಿ ನೋಡ್ರಿ, ಆಮ್ಯಾಲೆ ಸೆಟಿಂಗ್

ಸಾರಿಗೆ ಉಪ್ಪು ಹೆಚ್ಚಾದ್ರ ನಾವು ಏನ್ ಮಾಡ್ತೇವಿ? ನೀರು ಹಾಕ್ತೇವಿ, ಚೂರು ಬೆಲ್ಲ ಹಾಕ್ತೇವಿ, ಲಿಂಬಿಹಣ್ಣು ಹಿಂಡ್ತೇವಿ. ಉಪ್ಪು ಯಾಕ ಹೆಚ್ಚಾತು ಅಂತ ಕೇಳೋದಿಲ್ಲ. ನಾನೂ ಹಾಕೇನಿ, ಸೊಸಿನೂ ಹಾಕ್ಯಾಳ ಅಂತ ಗೊತ್ತಾಗೋದು ಮರುದಿನ ಮತ್ತ ಸಾರು ಉಪ್ಪಾದಾಗ. ಈ ಮಾತು ಅಡಗಿಮನಿಗಷ್ಟs ಅಂತ ನಾ ತಿಳ್ಕೊಂಡಿದ್ದೆ. ಮಗನ ಗಾಡಿ ನೋಡಿದ ಮ್ಯಾಲೆ ಎಲ್ಲಾ ಕಡೆ ಇದs ಕಥಿ ಅಂತ ತಿಳೀತು.

ಹ್ವಾದ ಬ್ಯಾಸಗಿ ಒಳಗ ಮೂರು ತಿಂಗಳು ಮಗನ ಕಡೆ ಅಮೆರಿಕಾದ ಮಿಶಿಗನ್‌ಗೆ ಹೋಗಿದ್ದೆ. ಅವಗ ಒಂದು ಹುಚ್ಚು. ಹಳೇ ಶೆವ್ರೊಲೆ ಪಿಕಪ್ ಗಾಡಿ ತಗೊಂಡು ಗ್ಯಾರೇಜಿನ್ಯಾಗ ಬಿಚ್ಚಿ ಕಟ್ಟೋದು. ಆ ಗಾಡಿಗೆ 4ಎಲ್60ಇ ಅನ್ನೋ ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್ ಕೂರಿಸಿದ್ದ. 4 ಅಂದ್ರ ನಾಲ್ಕು ಗಿಯರ್, ಎಲ್ ಅಂದ್ರ ಗಾಡಿ ಉದ್ದಕ್ಕ ಕೂರೋದು, 60 ಅದರ ತಾಕತ್ತಿನ ನಂಬರು, ಇ ಅಂದ್ರ ಎಲೆಕ್ಟ್ರಾನಿಕ್. ಹಿಂದಿನ ಗಿಯರ್‌ಬಾಕ್ಸು ಎಣ್ಣಿ ಒತ್ತಡದ ಮ್ಯಾಲೆ ತಾವs ಗಿಯರ್ ಬದಲಸ್ತಿದ್ದುವು. 1993ರಿಂದ ಬಂದ ಇದಕ್ಕ ಕಂಪ್ಯೂಟರ್ ಹೇಳ್ಬೇಕು. ಹಳೇ ಗಾಡಿಗೆ ಆ ಕಂಪ್ಯೂಟರ್ ಎಲ್ಲಿಂದ ಬರಬೇಕು? ಅದಕ್ಕ ಕಿಟ್ ತರಿಸಿ ಮನ್ಯಾಗs ಬೆಸುಗಿ ಹಾಕಿ ಕಟ್ಟಿದ್ದ. ಬೌಲಿಂಗ್ ಮತ್ತ ಗ್ರಿಪ್ಪೊ ಅನ್ನೋ ಇಬ್ಬರು ಇಂಜಿನ್‌ಗೆ ಮೆಗಾಸ್ಕ್ವರ್ಟ್ ಅಂತ ಒಂದು ಕಿಟ್ ಶುರು ಮಾಡಿದ್ರಂತ, ಅದರ ತಂಗಿ ಇದ್ದಂಗ ಗಿಯರ್‌ಗೆ ಮೆಗಾಶಿಫ್ಟ್ ಬಂತು. ಮಗಂದು ಅಂಥಾದ್ದs ಇನ್ನೊಂದು.

ಗಾಡಿ ಒಂದನೇ ಗಿಯರಿನ್ಯಾಗ ಛಲೊ ಹೊಂಡ್ತಿತ್ತು. ಎರಡಕ್ಕ ಬಂದ ಕೂಡ್ಲೆ ದಮ್ಮು ಹೋದಂಗ ಆಗಿ ತಿಣಕಾಡ್ತಿತ್ತು. ಮೂರಕ್ಕ ಬಂದ್ರ ಮತ್ತ ಸರಿ. "ಪ್ರೆಶರ್ ಕಡಿಮಿ ಆಗಿ ಕ್ಲಚ್ ಜಾರಾಕತ್ತೈತಿ ಬೇ," ಅಂದ. ಮೂರು ವಾರ ಲ್ಯಾಪ್‌ಟಾಪ್ ತೊಡಿಮ್ಯಾಲೆ ಇಟ್ಕೊಂಡು ಗಿಯರ್ ಬದಲಾಗೋ ಸ್ಪೀಡ್ ಏರಿಸಿದ, ಇಳಿಸಿದ, ಪ್ರೆಶರ್ ಹೆಚ್ಚು ಮಾಡಿದ. ರಾತ್ರಿ ಹನ್ನೆರಡರ ತನಕ ಗ್ಯಾರೇಜಿನ ಲೈಟು. ಸೊಸಿ ಮಾತು ಬಿಟ್ಟಿದ್ಲು. ಕಡೀಗೆ ಅಂವಾ, "ಓಣಿಯೊಳಗ ಸ್ಪೀಡ್ ಸಿಗೂದಿಲ್ಲ, ರವಿವಾರ ಹೈವೇ ಮ್ಯಾಲೆ ಓಡಿಸಿ ನೋಡ್ತೇನಿ. ಆಗಲಿಲ್ಲಂದ್ರ ಗುಜರಿಗೆ ಹಾಕ್ತೇನಿ," ಅಂದ.

ಶನಿವಾರ ನಾನೂ ಬಾಜೂಕ ಕೂತೆ. ನಾ ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಆದ್ರ ಹುಬ್ಬಳ್ಳಿ-ಧಾರವಾಡ ಬಸ್ಸಿನ್ಯಾಗ ಮೂವತ್ತು ವರ್ಷ ಓಡಾಡೇನಿ. ಗಿಯರ್ ಏರಿಸಿದ್ರ ಇಂಜಿನ್ ದನಿ ಇಳೀತೈತಿ, ಇಷ್ಟು ನನ್ನ ಕಿವಿಗೆ ಗೊತ್ತು. ಇಲ್ಲಿ ಎರಡರಿಂದ ಮೂರಕ್ಕ ಹೋದಾಗ ದನಿ ಏರ್ತಿತ್ತು.

"ತಮ್ಮಾ, ಮೂರಕ್ಕ ಹ್ವಾದ್ರ ದನಿ ಯಾಕ ಏರಾಕತ್ತೈತಿ?"

"ಅವ್ವಾ, ಇದೆಲ್ಲಾ ನಿನಗ ತಿಳಿಯೂದಿಲ್ಲ ಬಿಡು."

ಈ ಮಾತು ಎಷ್ಟು ಮಂದಿ ಕಡಿಂದ ಕೇಳೇನೋ ಲೆಕ್ಕಿಲ್ಲ. ಸುಮ್ನ ಕೂತೆ, ಆದ್ರ ಲಾಂಡ್ರಿ ಚೀಟಿ ಹಿಂದ ಮುಳ್ಳು ತೋರಿಸಿದ್ದನ್ನ ಬರ್ಕೊಂಡೆ. ಒಂದರಾಗ 3000, ಎರಡಕ್ಕ ಬಂದ್ರ ಸಾವಿರದ ಹತ್ರ, ಮೂರಕ್ಕ ಹ್ವಾದ್ರ ಮತ್ತ ಮ್ಯಾಲೆ. ಮನಿಗೆ ಬಂದು ಚಹಾ ಕೊಟ್ಟು ಚೀಟಿ ಮುಂದಿಟ್ಟೆ. "ಕ್ಲಚ್ ಜಾರಿದ್ರ ಇಂಜಿನ್ ಸುಮ್ನ ಕೂಗ್ಬೇಕಲ್ಲೋ, ದನಿ ಸತ್ತಂಗ ಯಾಕ ಆಗಬೇಕು?" ಅಂದೆ.

ಅಂವಾ ಚೀಟಿ ನೋಡಿದ. ಚಹಾ ಅಲ್ಲೇ ಇಟ್ಟ. ಆ ಗಿಯರ್‌ಬಾಕ್ಸಿನ ಲೆಕ್ಕ 3.06, 1.63, 1.00, 0.70. 3000ಕ್ಕ ಒಂದರಿಂದ ಎರಡಕ್ಕ ಬಂದ್ರ ಸುಮಾರು 1600 ಆಗಬೇಕು. ಸಾವಿರಕ್ಕ ಬೀಳ್ತೈತಿ ಅಂದ್ರ ಅದು ಎರಡು ಅಲ್ಲ. ಮೂರಕ್ಕ ಹ್ವಾದ್ರ ಮತ್ತ ಏರ್ತೈತಿ ಅಂದ್ರ ಅದು ನಾಲ್ಕು!

ಒಳಗ ಎಣ್ಣಿ ದಾರಿ ತೆಗೆದು ಮುಚ್ಚೋ ಎರಡು ಸೊಲೆನಾಯ್ಡ್ ಇರ್ತಾವು, ಎ ಮತ್ತ ಬಿ. ಎರಡೂ ಚಾಲೂ ಇದ್ರ ಒಂದನೇ ಗಿಯರ್. ಎ ಬಂದ್, ಬಿ ಚಾಲೂ ಇದ್ರ ಎರಡು. ಎರಡೂ ಬಂದ್ ಆದ್ರ ಮೂರು. ಎ ಚಾಲೂ, ಬಿ ಬಂದ್ ಆದ್ರ ನಾಲ್ಕು. ಈಗ ಎ ತಂತಿ ಬಿಗೆ, ಬಿ ತಂತಿ ಎಗೆ ಹತ್ತಿದ್ರ ಏನಾಕ್ಕೈತಿ ನೀವs ನೋಡ್ರಿ. ಒಂದು, ಮೂರು ಸರಿ ಇರ್ತಾವು. ಎರಡು ಬೇಕಂದ್ರ ನಾಲ್ಕು ಬರ್ತೈತಿ, ನಾಲ್ಕು ಬೇಕಂದ್ರ ಎರಡು. ಅಂದ್ರ ಹೈವೇ ಮ್ಯಾಲೆ ಜೋರಾಗಿ ಹೊಂಟಾಗ ಕಂಪ್ಯೂಟರ್ ನಾಲ್ಕು ಅಂತಿತ್ತು, ಗಾಡಿ ಎರಡಕ್ಕ ಬೀಳ್ತಿತ್ತು. ಹಿಂದಿನ ಗಾಲಿ ಒಮ್ಮೆಲೆ ಜಗ್ಗಿ ಹಿಡದಂಗ ಆಗಿ, ಮಳಿ ಬಂದ ರಸ್ತಾ ಇದ್ರ ಗಾಡಿ ತಿರುಗಿಬಿಡಬಹುದಿತ್ತು. ಮಗನ ಮಾರಿ ಬಿಳೀ ಆತು. ನನಗ ಕೈಕಾಲು ತಣ್ಣಗಾದುವು.

ಮೊದಲ ಮೀಟರ್ ಹಿಡದು ನೋಡಿದ್ನಂತ, ಎರಡೂ ಇಪ್ಪತ್ತು ಮೂವತ್ತು ಓಮ್ ನಡುವ ತೋರಿಸಿದ್ದುವು. ಎರಡೂ ಒಂದs ಥರದ ಸೊಲೆನಾಯ್ಡ್ ಆದ್ರ ಮೀಟರಿಗೆ ಎ ಯಾವುದು ಬಿ ಯಾವುದು ಹೆಂಗ ತಿಳೀಬೇಕು? ತಂತಿ ಈ ತುದಿಯಿಂದ ಆ ತುದಿ ತನಕ ಒಂದೊಂದs ನೋಡಿದ ಮ್ಯಾಲೆ ಸಿಕ್ತು. ಕಂಪನಿ ತಂತಿ ಎಗೆ ತಿಳಿ ಹಸರು, ಬಿಗೆ ಹಳದಿ ಮ್ಯಾಲೆ ಕರೀ ಗೆರಿ. ಇಂವಾ ಜೋಡಿಸಿದ ತಂತಿ ಎರಡೂ ಹಳದಿ! ಉಪ್ಪು, ಸಕ್ಕರಿ ಒಂದs ನಮೂನಿ ಡಬ್ಬಿಯೊಳಗ ಇಟ್ಟು ಚೀಟಿ ಹಚ್ಚದ ಸೊಸಿಗೆ ಬೈಯೋ ಹಂಗಿಲ್ಲ ಇನ್ನ.

ಇನ್ನೂ ಒಂದಿತ್ತು. ಹೆಡ್‌ಲೈಟ್ ಹಚ್ಚಿದ್ರ ಗಿಯರ್ ಬದಲಾಗೋ ಹೊತ್ತು ಹೆಚ್ಚುಕಡಿಮಿ ಆಗ್ತಿತ್ತು. ನಮ್ಮ ಮನ್ಯಾಗ ಮಿಕ್ಸಿ ಹಚ್ಚಿದ್ರ ಬಲ್ಬ್ ಮಿಣುಕೋದು ನೋಡಿದ ನನಗ ಇದು ಹೊಸಾದಲ್ಲ. ಅರ್ಥಿಂಗ್ ತಂತಿಯನ್ನ ಬಣ್ಣದ ಮ್ಯಾಲೆನs ಬೋಲ್ಟ್ ಮಾಡಿದ್ದ. ಬಣ್ಣ ಕೆರದು ಕಬ್ಬಿಣಕ್ಕ ಹಚ್ಚಿದ ಮ್ಯಾಲೆ ಎಕ್ಸಲೇಟರ್ ಸೆನ್ಸರಿನ ನಂಬರ್ ಅಲುಗಾಡೋದು ನಿಂತಿತು.

ನನ್ನ ಮಾತು ಇಷ್ಟs. ಸೆಟಿಂಗ್ ಬದಲಸೋದು ಸಸಾರ. ಕೂತಲ್ಲೇ ಕೂತು ಬಟನ್ ಒತ್ತಿದ್ರ ಕೆಲಸ ಮಾಡಿದಂಗ ಅನಸ್ತೈತಿ. ತಂತಿ ನೋಡ್ಬೇಕಂದ್ರ ನೆಲಕ್ಕ ಬೆನ್ನು ಹಚ್ಚಿ ಮಲಗಬೇಕು, ಕೈ ಹೊಲಸಾಕ್ಕಾವು, ತಪ್ಪು ನಂದs ಅಂತ ಒಪ್ಪಬೇಕಾಕ್ಕೈತಿ. ಅದಕ್ಕs ಎಲ್ಲಾರೂ ಸೆಟಿಂಗಿಗೆ ಓಡ್ತಾರ. ಸೆಟಿಂಗ್ ಎಂದೂ ತಪ್ಪಿರೂದಿಲ್ಲ ಅಂತ ನಾ ಅನ್ನೂದಿಲ್ಲ. ಟಾಯರಿನ ಅಳತಿ ತಪ್ಪು ಕೊಟ್ರ ಗಾಡಿ ಸ್ಪೀಡs ಸುಳ್ಳಾಕ್ಕೈತಿ, ಗಿಯರೆಲ್ಲಾ ತಪ್ಪಿದ ಹೊತ್ತಿಗೆ ಬೀಳ್ತಾವು. ಪ್ರೆಶರ್ ಲೆಕ್ಕ ಇನ್ನೂ ನಾಜೂಕು. ಅಲ್ಲಿ ಕರೆಂಟ್ ಹೆಚ್ಚಾದಷ್ಟು ಒತ್ತಡ ಕಡಿಮಿ. ಉಲ್ಟಾ ತಿಳ್ಕೊಂಡ್ರ ಕ್ಲಚ್ ಸುಟ್ಟು ಹೊಕ್ಕಾವು. ಆದ್ರ ತಂತಿ ಖರೇ ಹೇಳದಿದ್ರ ಸೆಟಿಂಗಿಗೆ ಅರ್ಥ ಎಲ್ಲೈತಿ? ಮೊದಲ ತಂತಿ ನೋಡ್ರಿ, ಆಮ್ಯಾಲೆ ಸೆಟಿಂಗ್. ಒಂದು ಸಲಕ್ಕ ಒಂದs ಬದಲ ಮಾಡ್ರಿ. ಬದಲ ಮಾಡೋಕ್ಕಿಂತ ಮೊದಲ ಏನಿತ್ತು ಅನ್ನೋದನ್ನ ಬರದಿಡ್ರಿ. ಮಗ ಹಳೇ ಫೈಲ್ ಉಳಿಸಿಟ್ಟಿದ್ದಕ್ಕ ಬಚಾವ್ ಆದ. ಇಲ್ಲಂದ್ರ ಮೂರು ವಾರ ಕೆಡಿಸಿದ್ದನ್ನ ತಿರುಗಿ ಕೂರಸಾಕ ಆರು ವಾರ ಬೇಕಾಗ್ತಿತ್ತು.

ಮತ್ತೊಂದು. ಬಾಜೂಕ ಕೂತವರ ಕಿವಿನೂ ಒಂದು ಮೀಟರ್ ಐತಿ. "ನಿನಗ ತಿಳಿಯೂದಿಲ್ಲ" ಅನ್ನೋಕ್ಕಿಂತ ಮೊದಲ ಒಂದು ಸಲ ಕೇಳ್ರಿ. ತಿಳೀದವರು ಕೇಳೋ ಪ್ರಶ್ನೆ ಭಾಳ ಸಲ ತಿಳಿದವರು ಕೇಳೂದ ಮರೆತದ್ದಿರ್ತೈತಿ.

ರವಿವಾರ ಹೈವೇಗೆ ಹ್ವಾದ್ವಿ. ಒಂದು, ಎರಡು, ಮೂರು, ನಾಲ್ಕು, ಪ್ರತಿ ಸಲ ದನಿ ಇಳೀತು. ಹಿಂದಿನ ಸೀಟಿನ್ಯಾಗ ಸೊಸಿ ನಕ್ಕಳು. ಊರಿಗೆ ಬರೋ ಮೊದಲ ಅಕಿ ಉಪ್ಪಿನ ಡಬ್ಬಿಗೆ ಚೀಟಿ ಹಚ್ಚಿದ್ಲು, ಮಗ ಎ ತಂತಿಗೆ ಹಸರು ಟೇಪು ಸುತ್ತಿದ್ದ. ನನ್ನ ಲಾಂಡ್ರಿ ಚೀಟಿ ಇನ್ನೂ ಅವನ ಗ್ಯಾರೇಜಿನ ಗ್ವಾಡಿಗೆ ಐತಿ.