ಭೀಮ ಯಾವಾಗ ದೊಡ್ಡೋನಾಗ್ತಾನೆ?



ಏಪ್ರಿಲ್ 14 ಹತ್ತಿರ ಬಂತು. ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಮತ್ತೆ 'ಮಹಾನಾಯಕ' ಸೀರಿಯಲ್ಲಿನ ತುಣುಕುಗಳು ಓಡಾಡ್ತಾ ಇವೆ. ನೋಡಿದ್ರೆ ಹತ್ತಕ್ಕೆ ಒಂಬತ್ತು ಬಾಲಕ ಭೀಮನವು. ದುಂಡು ಮುಖ, ದೊಡ್ಡ ಕಣ್ಣು, ದೊಡ್ಡವರನ್ನೇ ತಬ್ಬಿಬ್ಬು ಮಾಡೋ ಮಾತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ನಮ್ಮ ಗುಂಪುಗಳಲ್ಲಿ ಇದೇ. ಹಾಕೋರ ಮೇಲೆ ನನಗೆ ಕೋಪ ಇಲ್ಲ. ಆದ್ರೆ ಆ ಸೀರಿಯಲ್ ಬಗ್ಗೆ ಬಹಳ ದಿನದಿಂದ ಹೇಳಬೇಕು ಅಂದ್ಕೊಂಡಿದ್ದು ಒಂದಿದೆ, ಇವತ್ತು ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲು ಅದಕ್ಕೆ ಸಲ್ಲಬೇಕಾದ್ದು ಸಲ್ಲಲಿ. 2019ರ ಡಿಸೆಂಬರ್‌ನಲ್ಲಿ ಹಿಂದಿಯಲ್ಲಿ ಶುರುವಾದ ಸೀರಿಯಲ್ ಇದು. 2020ರ ಲಾಕ್‌ಡೌನ್ ಕಾಲದಲ್ಲಿ ಡಬ್ ಆಗಿ ಜೀ ಕನ್ನಡಕ್ಕೆ ಬಂತು. ಡಬ್ಬಿಂಗ್ ಬೇಡ ಅಂತ ದಶಕಗಳ ಕಾಲ ಗಲಾಟೆ ನಡೆದ ನಾಡಲ್ಲಿ ಇದನ್ನ ಮಾತ್ರ ಹಳ್ಳಿ ಹಳ್ಳಿಯಲ್ಲಿ ಫ್ಲೆಕ್ಸ್ ಕಟ್ಟಿ ಬರಮಾಡಿಕೊಂಡ್ರು. ಸೀರಿಯಲ್ ಒಂದಕ್ಕೆ ಕಾಲೋನಿ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದ್ದನ್ನ ನಾವು ಯಾವಾಗ ನೋಡಿದ್ವಿ? ಕೆಲವು ಕಡೆ ಅದನ್ನ ಹರಿದು ಹಾಕಿದ್ರು. ಪ್ರಸಾರ ನಿಲ್ಲಿಸು ಅಂತ ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರಿಗೆ ಬೆದರಿಕೆಗಳೂ ಬಂದ್ವು. ಅವರು ನಿಲ್ಲಿಸಲಿಲ್ಲ. ಅತ್ತೆ ಸೊಸೆ ಜಗಳ, ಬಂಗಲೆ, ರೇಷ್ಮೆ ಸೀರೆ ಬಿಟ್ರೆ ಬೇರೆ ಲೋಕವೇ ಇಲ್ಲದ ಸಂಜೆಯ ಟಿವಿಯಲ್ಲಿ ನಮ್ಮ ಮನೆಯ ಕಥೆ ಬಂತು ಅನ್ನೋದು ಸಣ್ಣ ವಿಷಯ ಅಲ್ಲ.

ಹಾಗಾದ್ರೆ ತಕರಾರೇನು? ನನಗಿಂತ ಮೊದಲು ತಕರಾರು ತೆಗೆದದ್ದು ನಮ್ಮ ಹೆಂಗಸರು. ಟಿವಿ ಮುಂದೆ ಕಾದು ಕೂರ್ತಿದ್ದ ಅಕ್ಕಂದಿರು, ಚಿಕ್ಕಮ್ಮಂದಿರು ವಾರಗಳು ಕಳೆದ ಮೇಲೆ ಕೇಳೋಕೆ ಶುರು ಮಾಡಿದ್ರು: "ಅಲ್ಲ ಕಣಣ್ಣ, ಇವ್ನು ಯಾವಾಗ ಅಮೇರಿಕಕ್ ಓಯ್ತಾನೆ? ಕಾನೂನು ಯಾವಾಗ ಬರೀತಾನೆ? ಇನ್ನೂ ಇಸ್ಕೂಲ್ ಮುಂದೇನೇ ನಿಂತವ್ನಲ್ಲ!" ವಾರಗಳು ತಿಂಗಳಾದ್ವು, ತಿಂಗಳುಗಳು ವರ್ಷ ದಾಟಿದ್ವು. ಆಯುಧ್ ಭಾನುಶಾಲಿ ಅನ್ನೋ ಹುಡುಗ ಭೀಮನಾಗಿ ಮನೆಮಾತಾದ. ಆಮೇಲೆ ಅಥರ್ವ ಕರ್ವೆ ಅನ್ನೋ ಹುಡುಗ ಯುವಕ ಭೀಮನಾಗಿ ಬಂದ. ಅಷ್ಟೊತ್ತಿಗೆ ಕೇಳಿ ಕೇಳಿ ಸಾಕಾಗಿ ಎಷ್ಟೋ ಮನೆಗಳಲ್ಲಿ ಚಾನೆಲ್ ಬದಲಾಗಿತ್ತು.

ಟಿಆರ್‌ಪಿ ಲೆಕ್ಕ ನಮಗೆ ಅರ್ಥ ಆಗಲ್ಲ ಅಂತೇನಿಲ್ಲ. ಮುದ್ದು ಮಗು ಇದ್ರೆ ಜನ ನೋಡ್ತಾರೆ, ಜನ ನೋಡೋವರೆಗೂ ಮಗು ಮಗುವಾಗೇ ಇರಬೇಕು. ಟಿವಿಯವರಿಗೆ ಈ ದಾರಿ ಹೊಸದಲ್ಲ, ಬಾಲಕೃಷ್ಣನ ಸೀರಿಯಲ್‌ಗಳಿಂದ ಬಂದದ್ದು. ವಾರಕ್ಕೊಬ್ಬ ರಾಕ್ಷಸ ಬರ್ತಾನೆ, ವಾರಕ್ಕೊಂದು ಲೀಲೆ ನಡೆಯುತ್ತೆ, ಕೊನೆಗೆ ಗೋಕುಲವೆಲ್ಲ ಚಪ್ಪಾಳೆ. ಇಲ್ಲಿ ರಾಕ್ಷಸನ ಜಾಗದಲ್ಲಿ ಊರ ಸಾಹುಕಾರ, ಪಂಡಿತ. ಪುಟ್ಟ ಭೀಮ ಜಾಣತನದಿಂದ ಅವರ ಬಾಯಿ ಮುಚ್ಚಿಸ್ತಾನೆ, ಮುಂದಿನ ವಾರ ಅವರು ಹೊಸ ಪಿತೂರಿ ಹೂಡ್ತಾರೆ. ರಾಮ, ಕೃಷ್ಣರ ಕಥೆಗಳನ್ನೇ ಪ್ರಶ್ನೆ ಮಾಡಿ ಬರೆದ ಬಾಬಾಸಾಹೇಬರನ್ನ ಕೊನೆಗೆ ಬಾಲಲೀಲೆಯ ಅಚ್ಚಿಗೇ ಹಾಕಿಬಿಟ್ರು. ಇತಿಹಾಸ ಅಡಗೂಲಜ್ಜಿ ಕಥೆ ಆಗೋದು ಹೀಗೇನೇ.

ಅಜ್ಜಿ ಕಥೆಯಲ್ಲಿ ಯಾರೂ ಬದಲಾಗಲ್ಲ. ಒಳ್ಳೆಯವನು ಹುಟ್ಟಿದಾಗಿನಿಂದ ಒಳ್ಳೆಯವನು, ಕೆಟ್ಟವನು ಸಾಯೋವರೆಗೂ ಕೆಟ್ಟವನು. ಕೆಟ್ಟವನನ್ನ ಸೋಲಿಸಿದ್ರೆ ಊರು ಸುಖವಾಗಿರುತ್ತೆ. ಜಾತಿ ಹಾಗೆ ಕೆಲಸ ಮಾಡುತ್ತಾ?

ಬಾಬಾಸಾಹೇಬರು ಸ್ವತಃ ಬರೆದಿಟ್ಟ ಬಾಲ್ಯದ ಘಟನೆ ಒಂದಿದೆ, 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ. 1901ರ ಸುಮಾರು. ಅವರಿಗೆ ಒಂಬತ್ತು ಹತ್ತು ವರ್ಷ. ಗೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ಅಪ್ಪನನ್ನ ನೋಡೋಕೆ ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಹೊಸ ಬಟ್ಟೆ ತೊಟ್ಟು ರೈಲಲ್ಲಿ ಹೊರಡ್ತಾರೆ. ಕರೆದುಕೊಂಡು ಹೋಗೋಕೆ ಸ್ಟೇಷನ್‌ಗೆ ಯಾರೂ ಬಂದಿರಲ್ಲ. ಸ್ಟೇಷನ್ ಮಾಸ್ತರ್ ಮೊದಲು ಚೆನ್ನಾಗೇ ಮಾತಾಡಿಸ್ತಾನೆ. ನಾವು ಮಹಾರರು ಅಂದ ತಕ್ಷಣ ಅವನ ಮುಖ ಬದಲಾಗುತ್ತೆ, ಎದ್ದು ಹೋಗ್ತಾನೆ. ಆಮೇಲೆ ಅವನೇ ವಾಪಸ್ ಬಂದು ಎತ್ತಿನ ಗಾಡಿಯವರ ಹತ್ರ ಮಾತಾಡ್ತಾನೆ. ಮುಟ್ಟಿಸಿಕೊಂಡು ಗಾಡಿ ಹೊಡೆಯೋಕೆ ಯಾರೂ ಒಪ್ಪಲ್ಲ. ಕೊನೆಗೆ ಎರಡರಷ್ಟು ಬಾಡಿಗೆ, ಗಾಡಿ ಹೊಡೆಯೋದು ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. ಬುತ್ತಿ ಇದೆ, ಕುಡಿಯೋಕೆ ನೀರಿಲ್ಲ. ಟೋಲ್ ವಸೂಲಿ ಮಾಡೋನ ಹತ್ರ ನಾವು ಮುಸಲ್ಮಾನರು ಅಂತ ಸುಳ್ಳು ಹೇಳಿ ಕೇಳಿದ್ರೂ ನೀರು ಸಿಗಲ್ಲ. ಆ ಮಕ್ಕಳು ಹಸಿವು ಬಾಯಾರಿಕೆಯಲ್ಲೇ ರಾತ್ರಿ ಕಳೀತಾರೆ.

ಇದರಲ್ಲಿ ವಿಲನ್ ಯಾರು ಹೇಳಿ ನೋಡೋಣ? ಸ್ಟೇಷನ್ ಮಾಸ್ತರ್ ಕೆಟ್ಟವನಲ್ಲ, ಕೈಲಾದಷ್ಟು ಸಹಾಯ ಮಾಡಿದ. ಗಾಡಿಯವನೇನು ಸಾಹುಕಾರನಲ್ಲ, ಹೊಟ್ಟೆಪಾಡಿನವನು. ಪಿತೂರಿ ಯಾರೂ ಮಾಡಲಿಲ್ಲ. ಹುಡುಗ ಜಾಣತನ ತೋರಿಸಿದ, ಗೆಲ್ಲಲಿಲ್ಲ. ಇಷ್ಟು ಜನ ಸಾಧಾರಣ ಮನುಷ್ಯರು ಸೇರಿ ನಾಲ್ಕು ಮಕ್ಕಳಿಗೆ ಒಂದು ಲೋಟ ನೀರು ಸಿಗದ ಹಾಗೆ ಮಾಡಿದ್ರು. ಜಾತಿ ಅಂದ್ರೆ ಇದು. ಇದಕ್ಕೆ ಖಳನಾಯಕನ ಮೀಸೆ ಬೇಕಾಗಿಲ್ಲ. ಶಿರಾದ ಹಳ್ಳಿಯ ಹೋಟೆಲಲ್ಲೋ ಪಾವಗಡದ ಹಳ್ಳಿಯ ಕ್ಷೌರದಂಗಡಿಯಲ್ಲೋ ಇಂಥದ್ದನ್ನ ಕಂಡವರಿಗೆ ನಾನು ವಿವರಿಸಬೇಕಾಗಿಲ್ಲ.

ಸೀರಿಯಲ್ಲಿನವರ ಕಷ್ಟವೂ ಇದೆ. ಬಾಬಾಸಾಹೇಬರ ಬಾಲ್ಯದ ಬಗ್ಗೆ ದಾಖಲೆಯಲ್ಲಿ ಸಿಗೋದು ಸ್ವಲ್ಪವೇ: ಮನೆಯಿಂದ ಒಯ್ಯುತ್ತಿದ್ದ ಗೋಣಿಪಟ್ಟೆ, ಶಾಲೆಯ ಜವಾನ ಬಾರದಿದ್ರೆ ನೀರಿಲ್ಲದ ದಿನಗಳು, ಕ್ಷೌರಿಕ ಮುಟ್ಟದ ತಲೆಗೆ ಅಕ್ಕಂದಿರೇ ಕತ್ತರಿ ಹಿಡಿದದ್ದು, ಈ ಗೋರೆಗಾಂವ್ ಪ್ರಯಾಣ, ಇನ್ನೊಂದಿಷ್ಟು. ಇದನ್ನ ನೂರಾರು ಕಂತು ಎಳೆಯಬೇಕು ಅಂದ್ರೆ ಕಟ್ಟುಕಥೆ ತುಂಬಲೇಬೇಕು. ತಾಯಿ ಭೀಮಾಬಾಯಿ ತೀರಿಕೊಂಡಾಗ ಅವರಿಗೆ ಐದಾರು ವರ್ಷ ಅಷ್ಟೇ, ಸಾಕಿದ್ದು ಸೋದರತ್ತೆ ಮೀರಾಬಾಯಿ. ಸೀರಿಯಲ್ಲಿನಲ್ಲಿ ತಾಯಿಯ ಪಾತ್ರ ಬಹುಕಾಲ ಬದುಕಿತು. ನಟಿ ನೇಹಾ ಜೋಶಿ ಚೆನ್ನಾಗೇ ಮಾಡಿದ್ರು, ಅದು ಬೇರೆ ಮಾತು. ಆದ್ರೆ ತಾಯಿಯಿಲ್ಲದ ಮಗು, ಒಂದೇ ಕೋಣೆಯ ಚಾಳಿನಲ್ಲಿ ನಡುರಾತ್ರಿ ಎಬ್ಬಿಸಿ ಓದೋಕೆ ಕೂರಿಸಿದ ಅಪ್ಪ, ಪುಸ್ತಕಕ್ಕೆ ದುಡ್ಡಿಲ್ಲದೆ ಮಗಳ ಒಡವೆ ಇಸ್ಕೊಂಡು ಅಡವಿಟ್ಟ ಅಪ್ಪ, ಇವರೆಲ್ಲ ಕಟ್ಟುಕಥೆಗಿಂತ ಗಟ್ಟಿ ಪಾತ್ರಗಳಲ್ವಾ? 1913ರ ಫೆಬ್ರವರಿಯಲ್ಲಿ ಆ ಅಪ್ಪ ತೀರಿಕೊಂಡ್ರು. ಅದೇ ವರ್ಷ ಜುಲೈಗೆ ಮಗ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ರು. ವಯಸ್ಸು 22.

ನನಗೆ, ಒಬ್ಬ ಗುಮಾಸ್ತನಿಗೆ, ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಕಂತು 1917ರದ್ದು. ಅಮೇರಿಕದಲ್ಲಿ ಎಂಎ ಮಾಡಿ, ಲಂಡನ್ ನೋಡಿಕೊಂಡು ಬಂದ ಮನುಷ್ಯ ಬರೋಡಾದಲ್ಲಿ ದೊಡ್ಡ ಹುದ್ದೆಗೆ ಕೂರ್ತಾರೆ. ಜವಾನರು ಕಡತಗಳನ್ನ ದೂರದಿಂದ ಅವರ ಮೇಜಿಗೆ ಎಸೀತಾರೆ. ಆಫೀಸಿನಲ್ಲಿ ಕುಡಿಯೋ ನೀರಿಲ್ಲ. ಹೆಸರು ಮರೆಸಿಕೊಂಡು ಉಳಿದಿದ್ದ ಪಾರ್ಸಿ ವಸತಿಗೃಹಕ್ಕೆ ದೊಣ್ಣೆ ಹಿಡಿದವರು ನುಗ್ಗಿ ಹೊರಗೆ ಹಾಕ್ತಾರೆ. 'ಓದು ಮಗಾ, ಎಲ್ಲ ಸರಿ ಹೋಗುತ್ತೆ' ಅನ್ನೋದು ಅಜ್ಜಿ ಕಥೆ. ಓದಿದ್ಮೇಲೂ ಸರಿ ಹೋಗಲಿಲ್ಲ ಅನ್ನೋದು ಬರೋಡಾ. ಅಲ್ಲಿಂದ ಮುಂದೆ ಏನು ಮಾಡಿದ್ರು ಅನ್ನೋದೇ ಬಾಬಾಸಾಹೇಬ್.

ಈಗ ನೀರಿನ ದಾರಿ ಹಿಡಿದು ನೋಡಿ. ಶಾಲೆಯಲ್ಲಿ ಜವಾನ ಎತ್ತಿ ಹುಯ್ಯಲಿ ಅಂತ ಕಾದ ಮಗು. ಗೋರೆಗಾಂವ್ ದಾರಿಯಲ್ಲಿ ಸುಳ್ಳು ಹೇಳಿ ಬೇಡಿದ ಹುಡುಗ. ಬರೋಡಾ ಆಫೀಸಿನಲ್ಲಿ ನೀರಿಲ್ಲದೆ ಕೂತ ಅಧಿಕಾರಿ. ಆಮೇಲೆ 1927ರ ಮಾರ್ಚ್ 20, ಮಹಾಡ್. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಮುಕ್ತ ಅಂತ ಬಾಂಬೆ ಶಾಸನ ಸಭೆ 1923ರಲ್ಲೇ ಠರಾವು ಮಾಡಿತ್ತು, ಮಹಾಡ್ ಪುರಸಭೆಯೂ ಒಪ್ಪಿತ್ತು. ಕಾಗದದ ಮೇಲೆ ಮಾತ್ರ. ಆ ಕಾಗದವನ್ನ ನಿಜ ಮಾಡೋಕೆ ಸಾವಿರಾರು ಜನರ ಮುಂದೆ ನಡೆದು ಹೋಗಿ ಚವದಾರ್ ಕೆರೆಯ ನೀರನ್ನ ಬೊಗಸೆಯಲ್ಲಿ ಎತ್ತಿ ಕುಡಿದ್ರು. ಅದೇ ವರ್ಷ ಡಿಸೆಂಬರ್ 25ಕ್ಕೆ ಅದೇ ಊರಲ್ಲಿ ಮನುಸ್ಮೃತಿ ಸುಟ್ಟರು. ಬೇಡಿದ ಕೈ ಹಕ್ಕಿನಿಂದ ಎತ್ತಿಕೊಳ್ಳೋ ಕೈ ಆಯ್ತಲ್ಲ, ಪಾತ್ರದ ಬೆಳವಣಿಗೆ ಅಂದ್ರೆ ಅದು. ಕಥೆಯನ್ನ ಮಗುವಿನ ಹತ್ರವೇ ವರ್ಷಗಟ್ಟಲೆ ನಿಲ್ಲಿಸಿದ್ರೆ ನೋಡುಗನ ಮನಸ್ಸಲ್ಲಿ ಉಳಿಯೋದು ಬಾಯಾರಿಕೆ ಮಾತ್ರ, ಕೆರೆ ಉಳಿಯಲ್ಲ.

ಇದೇನು ಬರೀ ಸೀರಿಯಲ್ ವಿಷಯ, ಇಷ್ಟು ತಲೆ ಯಾಕೆ ಕೆಡಿಸ್ಕೊಳ್ತೀಯ ಅಂತ ಕೇಳಬಹುದು. ಹೇಳ್ತೀನಿ. ಒಂದು ಆಫೀಸಿನಲ್ಲಿ ನಾನು ಕೆಲಸ ಮಾಡ್ತಿದ್ದಾಗ ಊಟದ ಹೊತ್ತಲ್ಲಿ ಈ ಸೀರಿಯಲ್ ಮಾತು ಬರ್ತಿತ್ತು. ಸಹೋದ್ಯೋಗಿಗಳು ನಿಜವಾಗ್ಲೂ ಮರುಗಿ ಹೇಳ್ತಿದ್ರು, "ಪಾಪ ರೀ ಆ ಮಗು, ಎಷ್ಟು ಮುದ್ದಾಗಿದ್ದಾನೆ, ಅವನನ್ನ ಹಾಗ್ ಮಾಡ್ತಾರಲ್ಲ." ಅದೇ ಬಾಯಲ್ಲಿ ಜ್ಯೇಷ್ಠತಾ ಪಟ್ಟಿ ಮಾತು ಬಂದ ತಕ್ಷಣ, "ನಿಮಗೇನ್ರೀ, ಬಡ್ತಿ ತಾನಾಗೇ ಬರುತ್ತೆ." ಆ ಪಟ್ಟಿಯ ಕಥೆ ನೌಕರರಿಗೆಲ್ಲ ಗೊತ್ತು. 2017ರ ಫೆಬ್ರವರಿಯಲ್ಲಿ ಬಿ.ಕೆ. ಪವಿತ್ರ ಪ್ರಕರಣದ ತೀರ್ಪು ಬಂದು ಬಡ್ತಿ ಪಡೆದವರಿಗೆ ಹಿಂಬಡ್ತಿ ಭಯ ಶುರುವಾಯ್ತು. ರಾಜ್ಯ ಸರ್ಕಾರ ಹೊಸ ಕಾಯ್ದೆ ತಂತು, 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು. ಆ ಎರಡು ವರ್ಷ ಎಷ್ಟು ಮನೆಗಳಲ್ಲಿ ನಿದ್ದೆ ಇರಲಿಲ್ಲ ಅಂತ ನನಗೆ ಗೊತ್ತು.

ಮಗುವಿಗೆ ಕಣ್ಣೀರು ಕೊಡೋದು ಸುಲಭ, ಯಾಕಂದ್ರೆ ಮಗು ಪಾಲು ಕೇಳಲ್ಲ. ದೊಡ್ಡವನಾದ ಭೀಮರಾವ್ ಪಾಲು ಕೇಳ್ತಾರೆ. ಲೆಕ್ಕ ಕೇಳ್ತಾರೆ. ಹಿಂದೂ ಕೋಡ್ ಬಿಲ್ ಕೈಬಿಟ್ರಲ್ಲ ಅಂತ 1951ರಲ್ಲಿ ಮಂತ್ರಿಗಿರಿ ಬಿಟ್ಟು ಹೊರಗೆ ನಡೀತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಧರ್ಮವನ್ನೇ ಬಿಟ್ಟು ಬುದ್ಧನ ಕಡೆ ಹೋಗ್ತಾರೆ. ಆ ಮನುಷ್ಯನನ್ನ 'ಪಾಪ, ಮುದ್ದು' ಅನ್ನೋಕಾಗಲ್ಲ. ಒಪ್ಪಬೇಕು, ಇಲ್ಲ ಜಗಳ ಆಡಬೇಕು.

ನಮ್ಮ ಹುಡುಗರಿಗೂ ಇದರಿಂದ ನಷ್ಟ ಇದೆ. ನಮ್ಮ ನಾಲ್ಕು ತಾಲ್ಲೂಕಲ್ಲಿ ಕೊರಟಗೆರೆ, ಪಾವಗಡ ಎರಡೂ ಮೀಸಲು ವಿಧಾನಸಭಾ ಕ್ಷೇತ್ರಗಳು. ಯಾಕೆ ಮೀಸಲು ಅಂತ ಹಾಸ್ಟೆಲ್ ಹುಡುಗರನ್ನ ಕೇಳಿ ನೋಡಿ. ಉತ್ತರ 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲಿದೆ. ಪ್ರತ್ಯೇಕ ಮತದಾನದ ಹಕ್ಕು ಕೈತಪ್ಪಿ, ಅದರ ಬದಲು ಪ್ರಾಂತ್ಯಗಳ ಶಾಸನ ಸಭೆಗಳಲ್ಲಿ 148 ಮೀಸಲು ಸ್ಥಾನ ಬಂದ ಕಥೆ ಅದು. ಗಾಂಧೀಜಿ ಜೈಲಲ್ಲಿ ಉಪವಾಸ, ದೇಶವೆಲ್ಲ ಒಬ್ಬ ಮನುಷ್ಯನ ಮೇಲೆ ಒತ್ತಡ, ಆ ಮನುಷ್ಯನ ಸಹಿ. ಇದಕ್ಕಿಂತ ದೊಡ್ಡ ನಾಟಕೀಯ ಸನ್ನಿವೇಶ ಯಾವ ಸೀರಿಯಲ್ ಬರಹಗಾರನಿಗೆ ಸಿಗುತ್ತೆ? ನಾವು ವೋಟು ಹಾಕೋ ಕ್ಷೇತ್ರದ ಹಿಂದಿನ ಕಥೆ ಇದು, ನಮ್ಮ ಮನೆಯ ಟಿವಿಗೆ ಮೊದಲು ಬರಬೇಕಾಗಿದ್ದು ಇದೇ.

ಮಕ್ಕಳಿಗಾದ್ರೂ ಹೆಸರು ತಲುಪ್ತಲ್ಲ ಅಂತ ಕೆಲವು ಗೆಳೆಯರು ಹೇಳ್ತಾರೆ. ನಿಜ, ತಲುಪ್ತು. ಆರೇಳು ವರ್ಷದ ಕೂಸು ಜೈ ಭೀಮ್ ಅನ್ನೋದು ಕೇಳಿದ್ರೆ ನನಗೂ ಎದೆ ತುಂಬುತ್ತೆ. ಆದ್ರೆ 2020ರಲ್ಲಿ ಏಳು ವರ್ಷ ಇದ್ದ ಮಗು ಈಗ ಹೈಸ್ಕೂಲು. ನೋಡೋ ಮಗು ಬೆಳೀತು, ತೆರೆಯ ಮೇಲಿನ ಭೀಮ ಅದರ ಜೊತೆ ಬೆಳೀಲಿಲ್ಲ. ಆ ಜಾಗವನ್ನ ಟಿವಿ ತುಂಬಲ್ಲ, ನಾವೇ ತುಂಬಬೇಕು.

ಎಳೆಯದೇನೇ ಹೇಳೋಕೆ ಆಗಲ್ಲ ಅಂತೇನಿಲ್ಲ. ಜಬ್ಬಾರ್ ಪಟೇಲರ ಸಿನಿಮಾದಲ್ಲಿ ಮಮ್ಮುಟ್ಟಿ ಮೂರು ಗಂಟೆಯಲ್ಲಿ ವಿದ್ಯಾರ್ಥಿ ಅಂಬೇಡ್ಕರರಿಂದ ನಾಗಪುರದ ಅಂಬೇಡ್ಕರರವರೆಗೆ ಬೆಳೆದು ತೋರಿಸಿದ್ರು, ರಾಷ್ಟ್ರಪ್ರಶಸ್ತಿಯೂ ಬಂತು. ಶ್ಯಾಮ್ ಬೆನಗಲ್ 2014ರಲ್ಲಿ 'ಸಂವಿಧಾನ್' ಅಂತ ರಾಜ್ಯಸಭಾ ಟಿವಿಗೆ ಮಾಡಿದ್ದು ಬರೀ 10 ಕಂತು. ಅಷ್ಟರಲ್ಲೇ ಸಂವಿಧಾನ ಸಭೆಯ ಚರ್ಚೆಗಳು ಬಂದ್ವು.

ಅದಕ್ಕೆ ಈ ಸಲದ ಜಯಂತಿಗೆ ನನ್ನ ಮನವಿ ಇಷ್ಟು. ಫ್ಲೆಕ್ಸ್, ಡಿಜೆ, ಮೆರವಣಿಗೆ ಇರಲಿ. ಜೊತೆಗೆ ಪ್ರತಿ ಹಾಸ್ಟೆಲಲ್ಲಿ ಒಬ್ಬ ಹುಡುಗ ಅಥವಾ ಹುಡುಗಿ ಎದ್ದು ನಿಂತು ಗೋರೆಗಾಂವ್ ಪ್ರಯಾಣವನ್ನ ಗಟ್ಟಿಯಾಗಿ ಓದಲಿ. ಬಾಬಾಸಾಹೇಬರ ಬರಹ ಭಾಷಣಗಳ ಸಂಪುಟಗಳು ಕನ್ನಡದಲ್ಲಿ ಬಂದಿವೆ, ಸರ್ಕಾರವೇ ತಂದಿದೆ. ಇನ್ನೊಬ್ಬರು ಬರೋಡಾ ಓದಲಿ, ಮತ್ತೊಬ್ಬರು ಮಹಾಡ್. ಓದಿ ಮುಗಿದ ಮೇಲೆ ಒಂದು ಪ್ರಶ್ನೆ ಇಡಿ: ನಿಮ್ಮೂರಿನ ಶುದ್ಧ ನೀರಿನ ಘಟಕ ಯಾವ ಬೀದಿಯಲ್ಲಿದೆ, ಅಲ್ಲಿಗೆ ಬಿಂದಿಗೆ ಹಿಡಿದು ಯಾರು ಅಳುಕಿಲ್ಲದೆ ಹೋಗ್ತಾರೆ? ಫ್ಲೋರೈಡ್ ನೀರಿನ ಪಾವಗಡದಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ.

ಇನ್ನೊಂದು ಮಾತು. ನಮ್ಮದು ಗುಬ್ಬಿ ವೀರಣ್ಣನವರ ಜಿಲ್ಲೆ. ಹಬ್ಬ ಜಾತ್ರೆ ಬಂದ್ರೆ ನಮ್ಮ ಕೇರಿಗಳಲ್ಲೂ ಹಾರ್ಮೋನಿಯಂ ಮೇಷ್ಟ್ರನ್ನ ಕರೆಸಿ, ತಿಂಗಳುಗಟ್ಟಲೆ ತಾಲೀಮು ಮಾಡಿ, ಚಂದಾ ಎತ್ತಿ, ಬೆಳಗಿನ ಜಾವದವರೆಗೆ 'ಕುರುಕ್ಷೇತ್ರ' ಆಡ್ತೀವಿ. ಭೀಮನ ಪಾತ್ರಕ್ಕೆ ಪೈಪೋಟಿ. ಅದೇ ಸೀನರಿ, ಅದೇ ಮೇಷ್ಟ್ರು, ಅದೇ ಹುಡುಗರು. ಇನ್ನೊಂದು ಭೀಮನ ಕಥೆಯನ್ನ ಮಹಾಡ್ ಕೆರೆಯವರೆಗೆ ನಾವೇ ಆಡೋಕೆ ಯಾರ ಅಪ್ಪಣೆ ಬೇಕು? ಬರೆಯೋಕೆ ಕೈ ಇರೋರು ಕಾಮೆಂಟಲ್ಲಿ ಹೆಸರು ಹಾಕಿ. ಮಧುಗಿರಿಯಲ್ಲಿ ಒಂದು ಭಾನುವಾರ ಕೂತು ಮಾತಾಡೋಣ.

ಜೈ ಭೀಮ್.