ಕೆಲಸ ಕೊಡಿಸುವವರ ಕೆಲಸಕ್ಕೇ ಗ್ಯಾರಂಟಿ ಇಲ್ಲ!

ಬೆಳಿಗ್ಗೆ ತುಮಕೂರು ಬಸ್ ನಿಲ್ದಾಣದಲ್ಲಿ ಬೆಂಗಳೂರು ಬಸ್ಸಿಗೆ ನೂಕುನುಗ್ಗಲು ಮಾಡಿದವರಿಗೆಲ್ಲ ಈ ಹುಡುಗ-ಹುಡುಗಿಯರು ಗೊತ್ತು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಲ್ಲಿ ಬ್ಯಾಗು. ಬಸ್ಸು ದಾಬಸ್‌ಪೇಟೆ ದಾಟುವ ಮೊದಲೇ ಫೋನು ಕಿವಿಗೆ. ‘ಸಾರ್, ಹನ್ನೊಂದಕ್ಕೆ ನಿಮ್ಮ ಇಂಟರ್‌ವ್ಯೂ. ದಯವಿಟ್ಟು ತಪ್ಪಿಸಬೇಡಿ ಸಾರ್.’ ನಿದ್ದೆಗೆಟ್ಟ ಪಕ್ಕದ ಸೀಟಿನವರು ಗೊಣಗುತ್ತಾರೆ. ಆದರೆ ಆ ‘ಸಾರ್’ ಇಂಟರ್‌ವ್ಯೂಗೆ ಹೋಗದಿದ್ದರೆ ಸಂಜೆ ಬೈಸಿಕೊಳ್ಳುವುದು ಫೋನು ಮಾಡಿದ ಹುಡುಗಿ!

ಇವರದು ಕಂಪನಿಗಳಿಗೆ ಆಳು ಹುಡುಕಿಕೊಡುವ ಏಜೆನ್ಸಿಗಳಲ್ಲಿ ಕೆಲಸ. ಅಂಗಡಿಯವರಿಗೆ ಇದರ ಲೆಕ್ಕ ಬೇಗ ಅರ್ಥವಾದೀತು. ಒಬ್ಬನನ್ನು ಕೆಲಸಕ್ಕೆ ಸೇರಿಸಿದರೆ ಅವನ ವರ್ಷದ ಸಂಬಳದಲ್ಲಿ ನೂರಕ್ಕೆ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು, ಏಜೆನ್ಸಿಗೆ ಕಮಿಷನ್. ಇದು ಈ ವ್ಯಾಪಾರದ ರೂಢಿಯ ದರ. ಸೇರದಿದ್ದರೆ ಕಾಸಿಲ್ಲ. ಸೇರಿದವನು 90 ದಿನದೊಳಗೆ ಬಿಟ್ಟುಹೋದರೆ ಬದಲಿ ಆಳನ್ನು ಪುಕ್ಕಟೆ ಕೊಡಬೇಕು, ಇಲ್ಲವೇ ಹಣ ವಾಪಸ್ ಮಾಡಬೇಕು ಎಂಬ ಕರಾರು ಸಾಮಾನ್ಯ. ಗಿರಾಕಿ ಮೂರು ತಿಂಗಳು ಉಟ್ಟ ಸೀರೆಯನ್ನು ವಾಪಸ್ ತೆಗೆದುಕೊಂಡ ಹಾಗೆ!

ನಷ್ಟದ ಈ ಭಯವನ್ನು ಮಾಲೀಕರು ಮ್ಯಾನೇಜರಿಗೆ ದಾಟಿಸುತ್ತಾರೆ, ಮ್ಯಾನೇಜರು ಹುಡುಗಿಗೆ ದಾಟಿಸುತ್ತಾರೆ. ದಿನಕ್ಕೆ ಇಷ್ಟು ಕರೆ, ಇಷ್ಟು ಬಯೋಡಾಟಾ, ತಿಂಗಳಿಗೆ ಇಷ್ಟು ‘ಜಾಯಿನಿಂಗ್’. ಟಾರ್ಗೆಟ್ ಮುಟ್ಟದಿದ್ದರೆ ಎಲ್ಲರೆದುರು ಮಂಗಳಾರತಿ, ಭಾನುವಾರವೂ ಡ್ಯೂಟಿ, ಇನ್ಸೆಂಟಿವ್ ಖೋತಾ. ಎರಡು-ಮೂರು ತಿಂಗಳು ಹೀಗೇ ಆದರೆ ‘ನಾಳೆಯಿಂದ ಬರಬೇಡ’. ಅಮೆರಿಕದ ಕಂಪನಿಗಳಿಗೆ ಆಳು ಹುಡುಕುವ ಕಡೆಯಂತೂ ರಾತ್ರಿ ಪಾಳಿ. ಮನೆ ಸೇರುವ ಹೊತ್ತಿಗೆ ಹಾಲಿನವನು ಬಂದಿರುತ್ತಾನೆ.

ವ್ಯಾಪಾರ ಅಂದಮೇಲೆ ಲೆಕ್ಕ ಬೇಕು, ನಿಜ. ಆದರೆ ಕೆಲಸಕ್ಕೆ ಸೇರುವುದು, ಬಿಡುವುದು ಮೂರನೆಯವನ ಮರ್ಜಿ. ಅದಕ್ಕೆ ಶಿಕ್ಷೆ ಇವರಿಗೆ ಯಾಕೆ?

ಕಾನೂನು ಇಲ್ಲವೇ? ಧಾರಾಳವಾಗಿ ಇದೆ. ನಮ್ಮ ಎಂ.ಜಿ. ರಸ್ತೆಯ ಬಟ್ಟೆ ಅಂಗಡಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೇ ಬೆಂಗಳೂರಿನ ಗಾಜಿನ ಕಟ್ಟಡದ ಏಜೆನ್ಸಿಗೂ ಅನ್ವಯ. ವಾರಕ್ಕೆ 48 ಗಂಟೆ ದುಡಿಮೆ, ವಾರಕ್ಕೊಂದು ರಜೆ, ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ. ಸತತ 6 ತಿಂಗಳು ದುಡಿದವರನ್ನು ತೆಗೆಯಬೇಕಾದರೆ ತಕ್ಕ ಕಾರಣ ಬೇಕು, ಒಂದು ತಿಂಗಳ ನೋಟೀಸು ಅಥವಾ ಅಷ್ಟು ಸಂಬಳ ಕೊಡಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರ ಅಥವಾ ತೆಗೆದುಹಾಕಿದವರ ಸಂಬಳ ಎರಡೇ ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು.

ಆದರೆ ಓವರ್‌ಟೈಮ್ ಕೇಳಿದರೆ ಬರುವ ಉತ್ತರವೇ ಬೇರೆ: ‘ನೀವು ಎಕ್ಸಿಕ್ಯೂಟಿವ್, ಕೂಲಿಯವರಲ್ಲ.’ ಹೆಸರು ದೊಡ್ಡದು, ಹಕ್ಕು ಸೊನ್ನೆ! 2025ರ ಜೂನ್‌ನಲ್ಲಿ ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ ಏರಿಸುವ ಪ್ರಸ್ತಾವವನ್ನು ಸರಕಾರ ಮುಂದಿಟ್ಟಾಗ ಕಾರ್ಮಿಕ ಸಂಘಗಳು ವಿರೋಧಿಸಿದ್ದವು. ಇರುವ ಗಂಟೆಗಳನ್ನೇ ಸರಿಯಾಗಿ ಎಣಿಸದವರು ಏರಿಸುವ ಮಾತಾಡುವುದು ಯಾವ ನ್ಯಾಯ?

ಮಗಳಿಗೆ ಕೆಲಸ ಸಿಕ್ಕಿತೆಂದು ಪೇಡ ಹಂಚುವ ಮೊದಲು ತಂದೆ-ತಾಯಿ ನೇಮಕಾತಿ ಪತ್ರ ಕೇಳಿ ಓದಲಿ. ಮೂಲ ಅಂಕಪಟ್ಟಿಯನ್ನು ಕಂಪನಿಯ ಕೈಗೆ ಒಪ್ಪಿಸದಿರಲಿ. ಸಂಬಳ ತಡೆಹಿಡಿದರೆ ಬಾಯಿಮಾತಿನಲ್ಲಿ ಬೇಡಿಕೊಳ್ಳುವುದು ಬಿಟ್ಟು ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಲಿ. ಇಲಾಖೆಯ ಅಧಿಕಾರಿಗಳೂ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಿಂದ ಹೊರಬಂದು, ಹಗಲು ಹನ್ನೊಂದಕ್ಕಲ್ಲ, ರಾತ್ರಿ ಒಂಬತ್ತಕ್ಕೆ ಈ ಕಛೇರಿಗಳ ಹಾಜರಿ ಲೆಕ್ಕ ತೆಗೆಸಿ ನೋಡಲಿ.

ಊರಿಗೆಲ್ಲ ಕೆಲಸ ಹುಡುಕಿಕೊಟ್ಟವರು ತಮ್ಮ ಕೆಲಸ ಕಳೆದುಕೊಂಡು ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದಾರೆ. ದೀಪದ ಬುಡದ ಈ ಕತ್ತಲೆ ಸಂಬಂಧಪಟ್ಟವರಿಗೆ ಕಾಣುವುದು ಯಾವಾಗ?